ಹಿಂದಿನ ಸೀಟಿನಿಂದ ಫ್ರಾನ್ಸ್

ಹೋದ ಭಾನುವಾರ ನನ್ನ ಗಂಡನಿಗೆ ಕರೆಂಟ್ ಹೊಡೆಯಿತು. ಗೋಮಾತೆಗೆ ನಮಸ್ಕಾರ ಮಾಡಲು ಹೋಗಿ!

ಗಾಬರಿಯಾಗಬೇಡಿ. ಆರಾಮಾಗಿದ್ದಾರೆ. ನಾನು ಇದನ್ನು ಬರೆಯುತ್ತಿರುವಾಗ ಪಕ್ಕದ ಕೋಣೆಯಿಂದ ಚಹಾ ಕೇಳುತ್ತಿದ್ದಾರೆ (ಎರಡನೇ ಸಲ). ಆದರೆ ಆ ಕರೆಂಟಿನ ಕತೆ ಹೇಳಬೇಕೆಂದರೆ ನಿಮ್ಮನ್ನು ಮೊದಲು ಫ್ರಾನ್ಸ್‌ಗೆ ಕರೆದುಕೊಂಡು ಹೋಗಬೇಕು. ಪ್ಯಾರಿಸ್ಸಿಗಲ್ಲ, ಆಸೆ ಇಟ್ಟುಕೊಳ್ಳಬೇಡಿ. ಹ್ಯಾಮಿಲ್ಟನ್ ಊರಂಚಿನ ರೊಟೊಟೂನ ಬಡಾವಣೆಯ ನಮ್ಮ ಮನೆಯಲ್ಲಿ, ಊಟದ ಮೇಜಿನ ಹಿಂದಿನ ಗೋಡೆಯ ಮೇಲೆ ಮೂರು ವರ್ಷ ಇದ್ದ ಫ್ರಾನ್ಸ್‌ಗೆ.

ಅದೊಂದು ದೊಡ್ಡ ನಕ್ಷೆ. ಅಂಟಿಸಿದವರು ನಮ್ಮ ಮನೆಯವರು, ಶೇಖರ್. ಧಾರವಾಡದವರು, ಹ್ಯಾಮಿಲ್ಟನ್ನಿನಲ್ಲಿ ರಸ್ತೆ ವಿನ್ಯಾಸ ಮಾಡುವ ಇಂಜಿನಿಯರ್. ಕಾರು ಲಾರಿಗಳು ಸರ್ರನೆ ಹೋಗುವಂಥ ಅಗಲ ರಸ್ತೆಗಳನ್ನು ಇಡೀ ದಿನ ಕಂಪ್ಯೂಟರಿನಲ್ಲಿ ಎಳೆಯುವ ಈ ಮನುಷ್ಯನಿಗೆ, ಮನೆಗೆ ಬಂದರೆ ಯಾರೂ ಓಡಾಡದ ರಸ್ತೆಗಳ ಹುಚ್ಚು. ಆ ನಕ್ಷೆಯಲ್ಲಿ ಕೆಂಪು ಗೆರೆ ಅಂದರೆ ದೊಡ್ಡ ರಸ್ತೆ. ಹಳದಿ ನಡುವಿನದು. ಬಿಳಿ ಅಂದರೆ ಹಳ್ಳಿಯಿಂದ ಹಳ್ಳಿಗೆ ಹೊಲಗಳ ನಡುವೆ ಹಾಯ್ದುಹೋಗುವ ಸಣ್ಣ ದಾರಿ. ಇವರು ಬಿಳಿ ಗೆರೆಗಳನ್ನೇ ಒಂದಕ್ಕೊಂದು ಜೋಡಿಸಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಕೂಡುವರು.

"ಇಲ್ನೋಡು, ಈ ಕಾಲುವಿ ದಂಡಿ ಹಿಡದು ಸೈಕಲ್ ಮ್ಯಾಲ ಹೋದ್ರ ಇಡೀ ಮುಂಜಾನಿ ಒಂದ ಕಾರ್ ಭೆಟ್ಟಿ ಆಗೂದಿಲ್ಲ."

"ಅನ್ನಕ್ಕ ಎಸರು ಇಡಾಕ ಹೊಂಟೇನಿ, ಜರಾ ಸರೀರಿ" ಅನ್ನುವುದು ನನ್ನ ಉತ್ತರವಾಗಿತ್ತು.

ಆದರೂ ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಹೋಗುವುದೆಂದು ಗಟ್ಟಿಯಾಯಿತು. ಸೈಕಲ್ಲು, ದಾರಿಯ ಊರುಗಳಲ್ಲಿ ಉಳಿಯಲು ಮನೆಗಳು, ಎಲ್ಲವನ್ನೂ ಒದಗಿಸುವ ಅಲ್ಲಿಯ ಒಂದು ಸಣ್ಣ ಕಂಪನಿಯಲ್ಲಿ ಬುಕ್ ಮಾಡಿದೆವು. ಇಬ್ಬರಿಗೆ ಎರಡು ಸೈಕಲ್. ಮಗಳು ನಂದಿನಿ, ಇಲ್ಲೇ ಹುಟ್ಟಿದವಳು, ಕನ್ನಡ ಎಲ್ಲ ತಿಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವವಳು, "ಅಟ್ ಲಾಸ್ಟ್!" ಅಂದಳು. ಎರಡು ವಾರ ಗೆಳತಿಯ ಮನೆಯಲ್ಲಿ ಇರಬಹುದಲ್ಲ ಎಂಬ ಖುಷಿ ಅವಳಿಗೆ.

ಅಷ್ಟರಲ್ಲಿ ಇವರ ಭುಜ ಬಾಗಿಲ ಚೌಕಟ್ಟಿಗೆ ತಾಗತೊಡಗಿತು. ಆಮೇಲೆ ಮೊಣಕಾಲು ಟೀಪಾಯಿಗೆ. ಆಮೇಲೆ ಕಾರು ನೆರೆಮನೆಯ ಅಂಚೆಪೆಟ್ಟಿಗೆಗೆ. ಕಣ್ಣಿನ ಡಾಕ್ಟರ್ ಪರೀಕ್ಷೆ ಮಾಡಿ ಹೇಳಿದರು: ಕಣ್ಣಿನ ಹಿಂದಿನ ಪರದೆಯ ಕಾಯಿಲೆ, ನೋಟ ಅಂಚಿನಿಂದ ಒಳಕ್ಕೆ ಕುಗ್ಗುತ್ತ ಬರುತ್ತದೆ, ಔಷಧವಿಲ್ಲ, ಇವತ್ತಿನಿಂದ ಡ್ರೈವಿಂಗ್ ಬೇಡ.

ಕೊಳವೆಯಲ್ಲಿ ಇಣುಕಿದ ಹಾಗೆ ಕಾಣುತ್ತದೆ ಇವರಿಗೆ. ನೇರ ಎದುರಿನದು ಒಂದಿಷ್ಟು. ಸುತ್ತಲಿನದು ಇಲ್ಲ. ಅದಕ್ಕೇ ಜನರಿಗೆ ಅರ್ಥವಾಗುವುದಿಲ್ಲ. ಹಬ್ಬಕ್ಕೆ ಬಂದ ಒಬ್ಬ ಆಂಟಿ ಕೇಳಿಯೇ ಬಿಟ್ಟರು, "ಪೇಪರ್ ಓದ್ತಿ, ಮತ್ತ ಕುರ್ಚಿ ಎಡವತೀಯಲ್ಲೋ ಶೇಖರಾ?" ಹೌದು ಆಂಟಿ, ಸರಿಯಾಗಿ ಅದೇ ಕಾಯಿಲೆ!

ನಮ್ಮ ರೊಟೊಟೂನದಲ್ಲಿ ಕಾರಿಲ್ಲದವನು ಕಾಲಿಲ್ಲದವನಿದ್ದ ಹಾಗೆ. ಆಫೀಸಿಗೆ ನಾನು ಬಿಡಬೇಕು, ಕ್ಷೌರಕ್ಕೆ ನಾನು ಒಯ್ಯಬೇಕು. ಇವರು ಎಂದೂ ಸಿಟ್ಟು ಮಾಡುವವರಲ್ಲ, ಆಗಲೂ ಮಾಡಲಿಲ್ಲ. ಸುಮ್ಮನಾದರು. ಅದನ್ನು ನೋಡುವುದಕ್ಕಿಂತ ಬೈಸಿಕೊಳ್ಳುವುದೇ ವಾಸಿ ಅನ್ನಿಸಿತು ನನಗೆ. ಒಂದು ಸಂಜೆ ನಕ್ಷೆಯನ್ನು ಗೋಡೆಯಿಂದ ಬಿಡಿಸಿ, ಸುರುಳಿ ಸುತ್ತಿ, ಕಪಾಟಿನ ಹಿಂದೆ ತುರುಕಿದರು.

"ಫ್ರಾನ್ಸ್ ಕ್ಯಾನ್ಸಲ್ ಮಾಡಿಬಿಡು."

"ಯಾಕ್ರಿ?"

"ಅಲ್ಲಿ ಹೋಗಿ ಏನ್ ನೋಡೂದೈತಿ?"

ಇದಕ್ಕೆ ನಿಮ್ಮ ಹತ್ತಿರ ಉತ್ತರವಿದೆಯೇ? ಕ್ಯಾನ್ಸಲ್ ಮಾಡಲು ನನಗೆ ಕೈ ಬರಲಿಲ್ಲ. ಕಂಪನಿಯವರಿಗೆ ಇದ್ದದ್ದನ್ನು ಇದ್ದಂತೆ ಬರೆದೆ. ಅವರಿಂದ ಬಂದ ಉತ್ತರ ಚಿಕ್ಕದು. "ನಮ್ಮಲ್ಲಿ ಇಬ್ಬರು ತುಳಿಯುವ ಜೋಡಿ ಸೈಕಲ್ ಇದೆ. ಬೇಕೋ ಬೇಡವೋ, ಏಪ್ರಿಲ್ ಮುಗಿಯುವುದರೊಳಗೆ ತಿಳಿಸಿ."

ಜೋಡಿ ಸೈಕಲ್! ಮುಂದೆ ಕೂತವರ ಕೈಯಲ್ಲಿ ಹ್ಯಾಂಡಲ್ಲು, ಬ್ರೇಕು, ಗೇರು. ಹಿಂದೆ ಕೂತವರಿಗೆ ಪೆಡಲ್ ಮಾತ್ರ. ಹಿಂದಿನ ಹ್ಯಾಂಡಲ್ ಹಿಡಿದುಕೊಳ್ಳಲಿಕ್ಕಷ್ಟೇ, ತಿರುಗುವುದಿಲ್ಲ. ಅಂದರೆ ಮುಂದೆ ಕೂಡಬೇಕಾದವಳು ನಾನು. ಧಾರವಾಡದ ಏರಿನಲ್ಲಿ ಲೇಡೀಸ್ ಸೈಕಲ್ ತಳ್ಳಿಕೊಂಡು ಕಾಲೇಜಿಗೆ ಹೋದದ್ದೇ ನನ್ನ ಅನುಭವ (ಹೌದು, ತಳ್ಳಿಕೊಂಡು). ಮದುವೆಯಾದ ಮೇಲೆ ಇವರ ಸ್ಕೂಟರಿನ ಹಿಂದಿನ ಸೀಟು, ಆಮೇಲೆ ಇಬ್ಬರೂ ಹೊರಟಾಗಲೆಲ್ಲ ಕಾರಿನ ಪಕ್ಕದ ಸೀಟು. ಅಲ್ಲಿಂದಲೇ "ಬ್ರೇಕ್ ಹಾಕ್ರಿ, ಲಾರಿ ಬಂತ್ರಿ" ಅನ್ನುತ್ತ ಇಪ್ಪತ್ತೈದು ವರ್ಷ ವಾಹನ ನಡೆಸಿದ್ದೇನೆ.

ಅಭ್ಯಾಸಕ್ಕೊಂದು ಹಳೆಯ ಜೋಡಿ ಸೈಕಲ್ ಹುಡುಕಿದೆ. ಸಮುದ್ರ ದಂಡೆಯ ಟೌರಂಗಾದಲ್ಲಿ ಸಿಕ್ಕಿತು. ಸಹೋದ್ಯೋಗಿಯೊಬ್ಬಳ ಯೂಟ್ (ಹಿಂದೆ ಸಾಮಾನು ಹೇರುವ ತೆರೆದ ಗಾಡಿ) ಕೇಳಿ ಪಡೆದು, ಇವರನ್ನು "ಬರ್ರಿ, ಸಮುದ್ರ ನೋಡಿ ಬರೂಣು" ಎಂದು ಪುಸಲಾಯಿಸಿ ಕರೆದೊಯ್ದೆ. ಮಾರುತ್ತಿದ್ದವರು ಎಪ್ಪತ್ತು ದಾಟಿದ ದಂಪತಿ. ಗ್ಯಾರೇಜಿನಲ್ಲಿ ಕೆಂಪು ಬಣ್ಣದ ಉದ್ದನೆಯ ಸೈಕಲ್ಲು ಮದುಮಗಳ ಹಾಗೆ ಒರೆಸಿಕೊಂಡು ನಿಂತಿತ್ತು. ನಾನು ಕಣ್ಣಿನ ವಿಷಯ, ಇನ್ನೂ ಕ್ಯಾನ್ಸಲ್ ಮಾಡದ ಫ್ರಾನ್ಸ್ ವಿಷಯ, ಎರಡನ್ನೂ ಹೇಳಿದೆ. ಅಜ್ಜಿ ಹಿಂದಿನ ಸೀಟು ತಟ್ಟಿ ಇವರಿಗೆ ಹೇಳಿದಳು:

"ಇದು ನನ್ನ ಸೀಟು. ಒಂದೇ ತೊಂದರೆ. ಇಪ್ಪತ್ತು ವರ್ಷ ನಾನು ಇವನ ಬೆನ್ನು ಬಿಟ್ಟು ಬೇರೇನೂ ನೋಡಿಲ್ಲ."

ಇವರು ಅಂದರು, "ನನಗೆ ಹೇಗಿದ್ದರೂ ಅಷ್ಟೇ ಕಾಣುವುದು. ಸರಿಯಾಗಿ ಹಿಡಿಸುತ್ತದೆ."

ಅಜ್ಜ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಗಲಿಲ್ಲ. ಯೂಟಿಗೆ ಹಗ್ಗ ಕಟ್ಟುವ ನೆಪದಲ್ಲಿ ಆಚೆ ಹೋಗಿ ಕಣ್ಣೊರೆಸಿಕೊಂಡೆ. ಎಷ್ಟೋ ತಿಂಗಳಾಗಿತ್ತು ಇವರ ಬಾಯಿಂದ ಒಂದು ಚೇಷ್ಟೆಯ ಮಾತು ಕೇಳಿ.

ಸೈಕಲ್ ಬಂತು. ಸವಾರ ಬರಬೇಕಲ್ಲ! ಮೊದಲ ವಾರ ಇವರು ಅದರ ಹತ್ತಿರವೂ ಸುಳಿಯಲಿಲ್ಲ. ಗಂಡಸಿನ ಜಂಬ, ಹೆಂಡತಿಯ ಹಿಂದೆ ಕೂಡಲು ನಾಚಿಕೆ ಅಂದುಕೊಂಡೆ. ಕೇಳಿಯೂ ಬಿಟ್ಟೆ. "ಅದಲ್ಲ ಮಾರಾಯ್ತಿ," ಅಂದರು, "ಹ್ಯಾಂಡಲ್ ತಿರುಗೂದಿಲ್ಲ, ಬ್ರೇಕ್ ಇಲ್ಲ. ಈಗಾಗಲೇ ನನ್ನ ಕೈಯಾಗ ಏನೂ ಉಳದಿಲ್ಲ. ಮತ್ತ ಅದರ ಮ್ಯಾಲ ಕೂತು ಅದನ್ನ ದಿನಾ ನೆಪ್ಪ ಮಾಡ್ಕೋಬೇಕೇನು?"

ಮರುದಿನ ಸಂಜೆ ಒಬ್ಬಳೇ ಅದನ್ನು ಬೀದಿಗೆ ತಂದು ಹತ್ತಲು ಹೋಗಿ ನೆರೆಮನೆಯವರ ಗುಲಾಬಿ ಗಿಡದ ಮೇಲೆ ಬಿದ್ದೆ. ಸದ್ದು ಕೇಳಿ ಇವರು ಹೊರಗೆ ಬಂದರು. "ಏಳು. ಒಬ್ಬಾಕಿ ಹೊಡದ್ರ ಹಂಗ ಆಗೂದು. ಅದು ಇಬ್ಬರ ಗಾಡಿ" ಎಂದು ಹಿಂದಿನ ಸೀಟಿನಲ್ಲಿ ಕೂತರು. ಗುಲಾಬಿ ಮುಳ್ಳಿಗೆ ನಾನು ಇಂದಿಗೂ ಋಣಿ.

ಇಬ್ಬರ ಗಾಡಿಗೂ ಒಂದು ನಿಯಮವಿದೆ ಅನ್ನುವುದು ಎರಡನೇ ಸಲ ಬಿದ್ದಾಗ ತಿಳಿಯಿತು. ಮುಂದಿನವರು ಏನೇ ಮಾಡುವ ಮೊದಲು ಬಾಯಿ ಬಿಟ್ಟು ಹೇಳಬೇಕು. ಎಡಕ್ಕೆ ಹೊಳ್ಳತೀನಿ. ಗೇರ್ ಬದಲಸ್ತೀನಿ. ನಿಲ್ತೀನಿ. ಗುಂಡಿ ಬಂತು, ಅಂಡು ಎತ್ರಿ. ಹೇಳದೆ ತಿರುಗಿದಿರೋ, ಇಬ್ಬರೂ ಹುಲ್ಲಿನ ಮೇಲೆ. ನಂದಿನಿ ಕಿಟಕಿಯಿಂದ ನೋಡಿ, "ಅಮ್ಮಾ, ದಿಸ್ ಈಸ್ ಸೋ ಎಂಬ್ಯಾರಸಿಂಗ್" ಎಂದು ಪರದೆ ಎಳೆದುಕೊಂಡಳು.

ದೊಡ್ಡ ರಸ್ತೆಗೆ ಇಳಿದ ದಿನ ಇನ್ನೊಂದು ಪಾಠ. ಲಾರಿಗಳ ಗದ್ದಲದಲ್ಲಿ ನಾನು ಹೇಳಿದ್ದು ಇವರಿಗೆ ಕೇಳುತ್ತಿರಲಿಲ್ಲ. ನಾನು "ನಿಲ್ತೀನಿ" ಅಂದಾಗ ಇವರು ಇನ್ನೂ ಜೋರಾಗಿ ತುಳಿದರು. ನಮಗೆ ಬೇಕಾದದ್ದು ಸುಮ್ಮನಿರುವ ರಸ್ತೆ. ಇವರು ಮೂರು ವರ್ಷ ಗೋಡೆಯ ಮೇಲೆ ಹುಡುಕುತ್ತಿದ್ದಂಥ ಬಿಳಿ ಗೆರೆ.

ಅದು ಎಲ್ಲಿತ್ತು ಹೇಳಿ? ನಮ್ಮ ಮನೆಯಿಂದ ಕಾಲು ಗಂಟೆ ಆಚೆಗೆ! ಹೊಸ ಮನೆಗಳ ಸಾಲು ಮುಗಿದು ಪುಕೆಟಾಹಾ ಎಂಬ ಹಳ್ಳಿ ದಾಟಿದರೆ ಸಾಕು. ಗಾರ್ಡನ್‌ಟನ್ ಕಡೆಗೆ, ಫಿಟಿಕಾಹು ಕಡೆಗೆ, ಹಸುಗಳ ಹೊಲಗಳ ನಡುವೆ ಸಪಾಟಾದ ಸಣ್ಣ ಸಣ್ಣ ರಸ್ತೆಗಳು. ಮುಂಜಾನೆ ಮಂಜು ಕರಗುವವರೆಗೆ ಕಾದು, ಹೊಳೆಯುವ ಹಳದಿ ಅಂಗಿ ತೊಟ್ಟು ಹೊರಟರೆ, ಒಂದು ಹಾಲಿನ ಟ್ಯಾಂಕರ್, ಎರಡು ಯೂಟ್, ಅಷ್ಟೇ. ಯೂಟಿನವನು ಸ್ಟೇರಿಂಗಿನಿಂದ ಒಂದೇ ಒಂದು ಬೆರಳೆತ್ತಿ ನಮಸ್ಕಾರ ಹೇಳುತ್ತಾನೆ. ನಾನು ಎರಡೂ ಕೈ ಎತ್ತಲು ಹೋಗಿ ಇವರಿಂದ ಬೈಸಿಕೊಂಡಿದ್ದೇನೆ.

ಈ ಮನೆಗೆ ಬಂದಮೇಲೆ ಒಂಬತ್ತು ವರ್ಷ ಆ ರಸ್ತೆಗಳ ಪಕ್ಕದಲ್ಲೇ ಇದ್ದೆವು. ಕಾರಿನಲ್ಲಿ ನೂರರ ವೇಗದಲ್ಲಿ ಎಷ್ಟು ಸಲ ಹಾದುಹೋಗಿಲ್ಲ? ಏನು ಕಂಡಿತ್ತು ನನಗೆ? ಹಸಿರು. ಬರೀ ಹಸಿರು.

ಮೂರನೆಯದೋ ನಾಲ್ಕನೆಯದೋ ಭಾನುವಾರ. ನಾನು ಎಂದಿನಂತೆ ಕಂಡಕ್ಟರನ ಹಾಗೆ ಕೂಗುತ್ತ ಹೊರಟಿದ್ದೆ. ಗುಂಡಿ. ತಿರುವು. ಗುಂಡಿ. ಸೇತುವೆ. ಹಿಂದಿನಿಂದ ಇವರ ಧ್ವನಿ.

"ಯಾಕ, ಈ ದೇಶದಾಗ ಗುಂಡಿ ಬಿಟ್ಟು ಬ್ಯಾರೆ ಏನೂ ಇಲ್ಲೇನು?"

"ಅಂದ್ರ?"

"ಅಂದ್ರ ಏನ್ ಕಾಣ್ತೈತಿ ಹೇಳು. ನನಗ ನಿನ್ನ ಹಳದಿ ಅಂಗಿ ಅಷ್ಟ ಕಾಣ್ತೈತಿ."

ಹೇಳತೊಡಗಿದೆ. ಮೊದಮೊದಲು ಶಾಲೆಯ ಹುಡುಗಿ ಪಾಠ ಒಪ್ಪಿಸಿದ ಹಾಗೆ. ಎಡಕ್ಕೆ ಗೋವಿನಜೋಳ ಕೊಯ್ದ ಹೊಲ, ಕೂಳೆ ನಿಂತಾವ. ಬಲಕ್ಕೆ ಎತ್ತರದ ಬೇಲಿಗಿಡ, ಮೇಲೆ ಕತ್ತರಿಸಿ ಗೋಡೆ ಹಂಗ ಮಾಡ್ಯಾರ. ಒಂದು ಮನಿ, ಗೇಟಿನ ಮುಂದ ಗಮ್‌ಬೂಟಿನಾಗ ಹೂವಿನ ಗಿಡ ನೆಟ್ಟಾರ. ಹೇಳಬೇಕಾದ್ದರಿಂದ ನೋಡಬೇಕಾಯಿತು. ಹಸಿರಿನಲ್ಲಿ ಎಷ್ಟು ಬಗೆ ಇದೆ ಎನ್ನುವುದು ಗೊತ್ತಾಯಿತು, ಅದಕ್ಕೆಲ್ಲ ಕನ್ನಡದಲ್ಲಿ ಶಬ್ದ ಹುಡುಕಿದೆ. ಗಿಣಿ ಹಸಿರು, ಪಾಚಿ ಹಸಿರು, ಮೆಂತ್ಯ ಪಲ್ಲೆ ಬಾಡಿದ ಹಸಿರು. ಇವರು ಹಿಂದಿನಿಂದ ತಮ್ಮ ಪಾಲು ಸೇರಿಸುತ್ತಿದ್ದರು. ಟ್ಯಾಂಕರ್ ನನ್ನ ಕಣ್ಣಿಗೆ ಬೀಳುವ ಮೊದಲೇ ಇವರ ಕಿವಿಗೆ ಬೀಳುತ್ತಿತ್ತು. ಸೀಟಿನ ಅದುರುವಿಕೆಯಲ್ಲೇ ರಸ್ತೆಯ ಜಾತಕ ಹೇಳುತ್ತಿದ್ದರು: "ಇಲ್ಲಿ ಹೊಸಾ ಜಲ್ಲಿ ಹಾಕ್ಯಾರ, ಅಂಚಿಗೆ ಹೋಗಬ್ಯಾಡ, ಜಾರತೈತಿ."

ನಾನು ಬಾಯಿ ತುಂಬ ಮಾತಾಡುವವಳು ಎಂದು ಈ ಅಂಕಣದ ಓದುಗರಾದ ನೀವೂ ಆಡಿಕೊಳ್ಳುತ್ತೀರಿ. ಮದುವೆಯಾದಂದಿನಿಂದ ಇವರು ನನ್ನ ಮಾತು ಇಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು.

ಆದರೆ ಟೌರಂಗಾದ ಆ ದಿನದ ಮೇಲೆ ಫ್ರಾನ್ಸ್ ವಿಷಯ ಇಬ್ಬರೂ ಎತ್ತಲಿಲ್ಲ. ನಾನು ಕೇಳಿದರೆ ಇವರು "ಬ್ಯಾಡ" ಅಂದಾರು ಎಂಬ ಹೆದರಿಕೆ. ಒಮ್ಮೆ ಇವರ ಬಾಯಿಂದ ಬಂತೆಂದರೆ ಮುಗಿಯಿತು, ಮತ್ತೆ ಬದಲಿಲ್ಲ. ನಕ್ಷೆ ಕಪಾಟಿನ ಹಿಂದೆಯೇ ಇತ್ತು. ಏಪ್ರಿಲ್ ಮುಗಿಯುತ್ತ ಬಂತು.

ಹೀಗೆ ಹೋದ ಭಾನುವಾರ ಬಂತು. ಕೊನೆಯ ಭಾನುವಾರ.

ಫಿಟಿಕಾಹು ಹತ್ತಿರ ಒಂದು ಗೇಟಿನ ಮುಂದೆ ಇವರು ನಿಲ್ಲಿಸಲು ಹೇಳಿದರು. ಬೇಲಿಯಾಚೆ ಹಸುಗಳು. ನನಗೆ ಕಂಡವು, ಇವರಿಗೆ ಮೇಯುವ ಸದ್ದು ಕೇಳಿತು, ಬರ್ ಬರ್ ಎಂದು ಹುಲ್ಲು ಕಿತ್ತುಕೊಳ್ಳುವ ಸದ್ದು. ನಾನು ಸೈಕಲ್ ಹಿಡಿದು ನಿಂತು ನೀರಿನ ಬಾಟಲಿ ತೆಗೆದೆ. ಇವರು ಇಳಿದು, ಹುಲ್ಲಿನ ಮೇಲೆ ಸಾವಕಾಶ ಕಾಲಿಡುತ್ತ, ಬೇಲಿಯ ಕಡೆ ಹೋದರು.

ಧಾರವಾಡದ ಮನೆಯಲ್ಲಿ ಇವರ ಬೆಳಗು ಶುರುವಾಗುತ್ತಿದ್ದದ್ದೇ ಹಾಗೆ. ಓಣಿಯ ಆಕಳು ಬಾಗಿಲಿಗೆ ಬರುತ್ತಿತ್ತು. ಅದಕ್ಕೊಂದು ರೊಟ್ಟಿ ಕೊಟ್ಟು, ಮೈ ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡ ಮೇಲೆಯೇ ಚಹಾ. ನಮ್ಮಲ್ಲಿ ಯಾರು ಹಾಗೆ ಮಾಡುವುದಿಲ್ಲ? ಕೈ ಚಾಚುವುದನ್ನು ಯಾರೂ ಕಲಿಸಬೇಕಿಲ್ಲ. ಇವರೂ ಚಾಚಿದರು.

ಆ ಬೆಳಿಗ್ಗೆ ನಾನು ಹನ್ನೆರಡು ಥರದ ಹಸಿರು ವರ್ಣಿಸಿದ್ದೆ. ಗಮ್‌ಬೂಟಿನ ಹೂವು ವರ್ಣಿಸಿದ್ದೆ. ದನ ದಾಟದಿರಲೆಂದು ಬೇಲಿಯ ಮೇಲ್ಗಡೆ ಹಾಯಿಸಿದ ತೆಳ್ಳಗಿನ ಕರೆಂಟ್ ತಂತಿಯ ಬಗ್ಗೆ ಮಾತ್ರ ಒಂದು ಮಾತೂ ಹೇಳಿರಲಿಲ್ಲ.

ಟಪ್!

"ಅಯ್ಯಯ್ಯವ್ವಾ!" ಎಂದು ಇವರು ಹಿಂದಕ್ಕೆ ಹಾರಿ ಹುಲ್ಲಿನಲ್ಲಿ ಕುಕ್ಕರಿಸಿದರು. ನಾನು "ರೀ!" ಎಂದು ಚೀರಿ ಸೈಕಲ್ ಕೈಬಿಟ್ಟೆ. ಹಸುಗಳು ದಿಕ್ಕಾಪಾಲು. ಎಲ್ಲಿಂದಲೋ ನಾಯಿ ಬೊಗಳಿತು, ಅದರ ಹಿಂದೆಯೇ ನಾಲ್ಕು ಗಾಲಿಯ ಬೈಕಿನಲ್ಲಿ ಆ ಹೊಲದ ಒಡತಿ ಬಂದಳು. ಅರವತ್ತರ ಆಸುಪಾಸು, ಮಣ್ಣು ಮೆತ್ತಿದ ಗಮ್‌ಬೂಟು. ಹೆಸರು ಜೂಡಿ ಎಂದು ಆಮೇಲೆ ತಿಳಿಯಿತು.

"ಯೂ ಆಲ್‌ರೈಟ್, ಮೇಟ್? ನನ್ನ ಹಸುಗಳನ್ನು ಏನು ಮಾಡಲು ಹೋಗಿದ್ದೆ?"

ನಾನು ತಡಬಡಿಸಿದೆ. ಕಣ್ಣು ಅಂದೆ, ಸಾರಿ ಅಂದೆ, ಕಸ್ಟಮ್ ಅಂದೆ. ಇವರು ಕೂತಲ್ಲಿಂದಲೇ, ಕೈ ಜಾಡಿಸಿಕೊಳ್ಳುತ್ತ, ಶಾಂತವಾಗಿ ಹೇಳಿದರು. "ನಮ್ಮ ಕಡೆ ಹಸು ಕಂಡರೆ ಮುಟ್ಟಿ ನಮಸ್ಕಾರ ಮಾಡುತ್ತೇವೆ. ಹಾಲು ಕೊಡುತ್ತದಲ್ಲ, ಅದಕ್ಕೊಂದು ಥ್ಯಾಂಕ್ಯೂ."

ಜೂಡಿ ಬೈಕಿನ ಎಂಜಿನ್ ಆರಿಸಿದಳು. "ನಾನು ಹುಟ್ಟಿದ್ದೇ ಈ ಹೊಲದಲ್ಲಿ. ಇವುಗಳಿಗೆ ಥ್ಯಾಂಕ್ಯೂ ಹೇಳಲು ಬಂದು ಕರೆಂಟ್ ಹೊಡೆಸಿಕೊಂಡವನು ನೀನೇ ಮೊದಲು."

ಆಗ ನಕ್ಕರು ನೋಡಿ ಇವರು! ಹುಲ್ಲಿನಲ್ಲಿ ಕೂತು, ಕಣ್ಣಲ್ಲಿ ನೀರು ಬರುವಂತೆ, ಬಿದ್ದು ಬಿದ್ದು ನಕ್ಕರು. ಜೂಡಿ ನಕ್ಕಳು. ನಾನೂ ಅಳುತ್ತಲೇ ನಕ್ಕೆ.

ಆಕೆ ಕೈಹಿಡಿದು ಎಬ್ಬಿಸಿ, ಗೇಟು ತೆರೆದು ಇವರನ್ನು ಒಳಗೆ ಕರೆದೊಯ್ದಳು. "ಪಿಕಲ್! ಪಿಕಲ್!" ಎಂದು ಕೂಗಿದಳು. (ಹೌದು, ಉಪ್ಪಿನಕಾಯಿ!) ಕಂದು ಬಣ್ಣದ ಮುದಿ ಜೆರ್ಸಿಯೊಂದು ಗಂಭೀರವಾಗಿ ನಡೆದು ಬಂತು. ಹಾಲು ನಿಲ್ಲಿಸಿ ಬಹಳ ಕಾಲವಾಗಿದೆಯಂತೆ, ಆದರೂ ಕಸಾಯಿಖಾನೆಗೆ ಕಳಿಸಲು ಮನಸ್ಸಾಗದೆ ಇಟ್ಟುಕೊಂಡಿದ್ದಾಳೆ. ಜೂಡಿ ಇವರ ಕೈ ಹಿಡಿದು ಅದರ ಹಣೆಯ ಮೇಲೆ ಇಟ್ಟಳು. ಇವರು ಹಣೆ ಸವರಿದರು, ಕಿವಿ ಸವರಿದರು, ಗಂಗೆದೊಗಲಿನ ಮಡಿಕೆ ಸವರಿದರು. ಆಮೇಲೆ ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು. ನಾನು ಬೇರೆ ಕಡೆ ನೋಡಿದೆ.

ಹೊರಗೆ ಬಂದಾಗ ಜೂಡಿ ಕೆಂಪು ಸೈಕಲ್ಲನ್ನು ಎತ್ತಿ ನಿಲ್ಲಿಸುತ್ತ ಕೇಳಿದಳು, "ಪ್ರತಿ ಭಾನುವಾರ ನಿಮ್ಮನ್ನು ನೋಡುತ್ತೇನೆ. ಯಾವುದಕ್ಕೆ ಇಷ್ಟು ಪ್ರ್ಯಾಕ್ಟೀಸು?"

ನಾನು ಇವರ ಮುಖ ನೋಡಿದೆ.

"ಫ್ರಾನ್ಸ್‌ಗೆ" ಅಂದರು ಇವರು.

"ಅಷ್ಟು ದೂರ! ಅಲ್ಲೇನಿದೆ ನೋಡಲು?" ಪಾಪ, ಆಕೆ ಇಡೀ ಜಗತ್ತಿನಲ್ಲಿ ಫಿಟಿಕಾಹುವಿಗಿಂತ ಒಳ್ಳೆಯದಿಲ್ಲವೆಂಬ ನಂಬಿಕೆಯಲ್ಲಿ ಕೇಳಿದ್ದು. ನಕ್ಷೆ ಸುತ್ತಿಟ್ಟ ಸಂಜೆ ಇವರು ಕೇಳಿದ್ದ ಅದೇ ಪ್ರಶ್ನೆ.

ಇವರು ನನ್ನ ಹಳದಿ ಅಂಗಿ ಎಲ್ಲಿದೆಯೆಂದು ಹುಡುಕಿ, ಅದರ ಕಡೆ ಕೈ ಮಾಡಿ ಹೇಳಿದರು. "ಅದನ್ನ ಇಕಿ ಹೇಳ್ತಾಳ." ಕನ್ನಡದಲ್ಲೇ ಹೇಳಿಬಿಟ್ಟರು. ನಾನು ಜೂಡಿಗೆ ಅನುವಾದಿಸಲು ಹೋಗಿ, ಹಳದಿ ಅಂಗಿಯ ತೋಳಿಗೆ ಮೂಗು ಒರೆಸಿಕೊಂಡೆ. ಆಕೆಗೆ ಅದೇನೂ ಬೇಕಾಗಿರಲಿಲ್ಲ. ನನ್ನ ಬೆನ್ನು ತಟ್ಟಿ, ಬೈಕ್ ಏರಿ ಹೊರಟುಹೋದಳು.

ಅಂದು ರಾತ್ರಿಯ ಊಟಕ್ಕೆ ಮುಂಚೆಯೇ ಕಂಪನಿಗೆ ಮೇಲ್ ಹಾಕಿದೆ. ಜೋಡಿ ಸೈಕಲ್ ಬೇಕು. ನಂದಿನಿ ಕಪಾಟಿನ ಹಿಂದಿನಿಂದ ನಕ್ಷೆ ಎಳೆದು ತಂದು, ಕೇಳದೆಯೇ, ಅದೇ ಗೋಡೆಗೆ ಅಂಟಿಸಿದಳು. ಇವರು ಮೂಗು ತಾಗುವಷ್ಟು ಹತ್ತಿರ ನಿಂತು ತಮ್ಮ ಪೆನ್ಸಿಲ್ ಗುರುತು ಹುಡುಕಿದರು. "ಈ ಕಡೆ ಆಕಳು ಬೆಳ್ಳಗಿರ್ತಾವಂತ," ಅಂದರು. "ಮುಂಚೆ ಬೇಲಿ ಹೇಳು. ಆಮ್ಯಾಲ ಬಣ್ಣ."

ಹೇಳುತ್ತೇನೆ. ಅಲ್ಲಿ ರಸ್ತೆಯ ಬಲಗಡೆ ಹೋಗಬೇಕಂತೆ, ಅದನ್ನು ನೆನೆದರೆ ಈಗಲೇ ಹೆದರಿಕೆ. ಆದರೂ ನನಗೆ ಯಾರ ಯಾರ ಬಗ್ಗೆ ಕೃತಜ್ಞತೆ ಉಕ್ಕುತ್ತಿದೆ ನೋಡಿ: ಟೌರಂಗಾದ ಅಜ್ಜಿ, ನೆರೆಮನೆಯ ಗುಲಾಬಿ, ಪಿಕಲ್ ಎಂಬ ಹಸು, ಲಾರಿಗಳು ಬಾರದೆ ಬಿಟ್ಟ ಆ ಪುಣ್ಯದ ರಸ್ತೆಗಳು. ಮನೆಯಲ್ಲಿ ನಾವು ಒಬ್ಬರಿಗೊಬ್ಬರು ದಿನವಿಡೀ ಹೇಳುವುದಾದರೂ ಏನು? ಬಿಲ್ ಬಂತು, ಗ್ಯಾಸ್ ಆರಿಸು, ತಡವಾಯಿತು, ಹುಷಾರು. ಎಲ್ಲ ಬೇಕಾದದ್ದೇ, ಹೇಳದಿದ್ದರೆ ಬೀಳುತ್ತೇವೆ.

ಆದರೆ ಗುಂಡಿ ಬಿಟ್ಟು ಬೇರೆ ಏನನ್ನಾದರೂ ಇವತ್ತು ನಿಮ್ಮ ಮನೆಯವರಿಗೆ ಹೇಳಿದಿರಾ?